ಮೆಟ್ಟಿಲ ಪಕ್ಕದ ಮೂಲೆಗೆ ಐದು ಬದಿಯ ಅಕ್ರಿಲಿಕ್ ಅಕ್ವೇರಿಯಂ, ಮನೆಯಲ್ಲೇ ಮಾಡಬಹುದಾ?

ಮೆಟ್ಟಿಲಮೂಲೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಮನೆಯ ನೆಲಮಹಡಿಯಲ್ಲಿ ಮೆಟ್ಟಿಲ ಪಕ್ಕ ಒಂದು ಮೂಲೆ ಇದೆ. ಮುಂಚೆ ಅಲ್ಲಿ ಅಜ್ಜಿಯ ಹೊಲಿಗೆ ಮಷೀನು ಇತ್ತು, ಈಗ ಖಾಲಿ. ಅಲ್ಲಿ ಅಕ್ವೇರಿಯಂ ಇಡೋಣ ಅಂತ ಮಗಳು ಒಂದು ವರ್ಷದಿಂದ ಕೇಳುತ್ತಿದ್ದಾಳೆ, ನನಗೂ ಅಷ್ಟೇ ಆಸೆ ಇದೆ. ಅಂಗಡಿಯಲ್ಲಿ ಸಿಗುವ ಉದ್ದನೆಯ ಟ್ಯಾಂಕ್ ಹೇಗೆ ಕೂರುತ್ತದೆ ಅಂತ ರಟ್ಟಿನ ಡಬ್ಬ ಕತ್ತರಿಸಿ ಇಟ್ಟು ನೋಡಿದೆ. ಮೆಟ್ಟಿಲು ಇಳಿದು ಬರುವವರ ಮೊಣಕಾಲಿಗೆ ಸರಿಯಾಗಿ ಅದರ ಮೂಲೆ ತಾಗುತ್ತದೆ. ಅದಕ್ಕೇ ಐದು ಬದಿಯ ಟ್ಯಾಂಕ್ ಮಾಡೋಣ ಅಂದುಕೊಂಡೆ. ಗೋಡೆ ಕಡೆಯ ಎರಡು ಬದಿ ತಲಾ 75 ಸೆಂ.ಮೀ., ಅವುಗಳ ತುದಿಯಿಂದ ಮುಂದಕ್ಕೆ ಬರುವ ಎರಡು ಚಿಕ್ಕ ಬದಿ ತಲಾ 30 ಸೆಂ.ಮೀ., ಆ ಎರಡನ್ನೂ ಸೇರಿಸುವ ಮುಂಭಾಗ ಓರೆಯಾಗಿ ಸುಮಾರು 64 ಸೆಂ.ಮೀ. ಎತ್ತರ 60 ಅಂತ ಇಟ್ಟುಕೊಂಡಿದ್ದೇನೆ. ಮುಂಭಾಗ ಬಾಗಿದ್ದರೆ ಇನ್ನೂ ಚೆನ್ನ ಅನ್ನಿಸುತ್ತದೆ, ಆದರೆ ಅದು ನನ್ನ ಕೈಲಾಗುತ್ತದೋ ಇಲ್ಲವೋ ಗೊತ್ತಿಲ್ಲ.

ಬೋರ್ಡ್ ಮಾಡುವ ಅಂಗಡಿಯೊಂದರಲ್ಲಿ ವಿಚಾರಿಸಿದೆ. 6 ಎಂಎಂ ಅಕ್ರಿಲಿಕ್ ಶೀಟ್ ಸಾಕು, ಲೇಸರ್‌ನಲ್ಲಿ ಕಟ್ ಮಾಡಿಕೊಡುತ್ತೇವೆ, ಮನೆಗೆ ಹೋಗಿ ಸಿಲಿಕೋನ್ ಹಾಕಿ ಅಂಟಿಸಿಕೊಳ್ಳಿ ಅಂದರು. ಕೇಳಲು ಸುಲಭವಾಗಿಯೇ ಇತ್ತು. ಆದರೆ 200 ಲೀಟರ್‌ಗೂ ಜಾಸ್ತಿ ನೀರು ಮನೆ ಒಳಗೆ ನಿಲ್ಲಬೇಕಲ್ವಾ, ಅದಕ್ಕೆ ದುಡ್ಡು ಕೊಡುವ ಮುಂಚೆ ನಿಮ್ಮನ್ನು ಕೇಳುತ್ತಿದ್ದೇನೆ. ಇನ್ನೊಂದು ತೊಂದರೆ ಏನೆಂದರೆ ನಮ್ಮ ಗೋಡೆಗಳು ಸರಿಯಾಗಿ 90 ಡಿಗ್ರಿ ಇಲ್ಲ, ಮೂಲೆಮಟ್ಟ ಹಿಡಿದು ನೋಡಿದರೆ ಒಂದು ಮೀಟರ್ ಹೋಗುವಷ್ಟರಲ್ಲಿ 2 ಸೆಂ.ಮೀ. ಓಡುತ್ತದೆ. ಟ್ಯಾಂಕನ್ನೂ ಅದೇ ಓರೆಗೆ ಮಾಡಬೇಕಾ?

ನನಗೆ ಮರಗೆಲಸ ಬರುತ್ತದೆ, ಮನೆಯ ಕಪಾಟುಗಳನ್ನೆಲ್ಲ ನಾನೇ ಮಾಡಿದ್ದು. ಅಕ್ರಿಲಿಕ್ ಮಾತ್ರ ಇದೇ ಮೊದಲ ಸಲ.

---

ತೊಟ್ಟಿಮನೆ, ಬೆಂಗಳೂರು

ಮೊದಲು ಒಂದು ಮಾತು ಸರ್, ದಯವಿಟ್ಟು ಸಿಲಿಕೋನ್ ಹಾಕಬೇಡಿ. ಸಿಲಿಕೋನ್ ಗಾಜಿಗೆ ಕಚ್ಚಿಕೊಳ್ಳುತ್ತದೆ, ಅಕ್ರಿಲಿಕ್‌ಗೆ ಕಚ್ಚಿಕೊಳ್ಳುವುದಿಲ್ಲ. ಮೊದಲ ದಿನ ಗಟ್ಟಿಯಾಗಿ ಕೂತಂತೆ ಕಾಣುತ್ತದೆ, ಆದರೆ ಒಂದು ತುದಿಯನ್ನು ಉಗುರಲ್ಲಿ ಎಬ್ಬಿಸಿದರೆ ರಬ್ಬರ್ ಪಟ್ಟಿಯಂತೆ ಉದ್ದಕ್ಕೂ ಕಿತ್ತು ಬರುತ್ತದೆ. ಬೇಕಾದರೆ ಎರಡು ತುಂಡು ಅಂಟಿಸಿ ನೀವೇ ನೋಡಿ.

ಎರಡನೇದು ದಪ್ಪ. ಟ್ಯಾಂಕಿನ ಗೋಡೆ ತಡೆಯಬೇಕಾಗಿರುವುದು ಲೀಟರ್ ಅಲ್ಲ, ಎತ್ತರ. ಲೆಕ್ಕ ಸುಲಭ ಇದೆ. 60 ಸೆಂ.ಮೀ. ನೀರು ನಿಂತರೆ ತಳದಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೆ 60 ಗ್ರಾಂ ಒತ್ತಡ, ಮೇಲೆ ಸೊನ್ನೆ, ಸರಾಸರಿ 30 ಗ್ರಾಂ. ನಿಮ್ಮ 75 ಸೆಂ.ಮೀ. ಬದಿಯ ಅಳತೆ 75 ಗುಣಿಸು 60, ಅಂದರೆ 4500 ಚದರ ಸೆಂ.ಮೀ. ಅದರ ಮೇಲೆ ಒಟ್ಟು 135 ಕೆ.ಜಿ. ಅಂದರೆ ಇಬ್ಬರು ದೊಡ್ಡವರು ಹಗಲೂ ರಾತ್ರಿ ಒಳಗಿನಿಂದ ಒರಗಿ ನಿಂತ ಹಾಗೆ. ಅದೇ ಎತ್ತರವನ್ನು 45ಕ್ಕೆ ಇಳಿಸಿ, ಸುಮಾರು 76 ಕೆ.ಜಿ.ಗೆ ಬರುತ್ತದೆ. ಎತ್ತರ ಕಾಲು ಭಾಗ ಕಡಿಮೆ ಮಾಡಿದರೆ ಒತ್ತುವ ಭಾರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು ನೋಡಿ.

ಇನ್ನು ಅಕ್ರಿಲಿಕ್ ಗಾಜಿನ ಹಾಗೆ ಬಿರುಸಲ್ಲ, ಅದೇ ದಪ್ಪದ ಗಾಜಿಗಿಂತ 20 ಪಟ್ಟಿಗೂ ಜಾಸ್ತಿ ಬಾಗುತ್ತದೆ. ಪಟ್ಟನೆ ಒಡೆಯದಿರುವುದಕ್ಕೂ ಅದೇ ಕಾರಣ, ಹೊಟ್ಟೆ ಬಿಡುವುದಕ್ಕೂ ಅದೇ ಕಾರಣ. 60 ಎತ್ತರಕ್ಕೆ 6 ಎಂಎಂ ಹಾಕಿದರೆ ಮುಂಭಾಗ ಬರಿಗಣ್ಣಿಗೆ ಕಾಣುವಷ್ಟು ಉಬ್ಬುತ್ತದೆ, ಆ ಉಬ್ಬು ದಿನವೂ ಜೋಡಣೆಯನ್ನು ಎಳೆಯುತ್ತಲೇ ಇರುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಬಾಗುವುದು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಸಲಹೆ ಇಷ್ಟು: ಎತ್ತರ 45, ಶೀಟ್ 10 ಎಂಎಂ, ಮೇಲೆ ಸುತ್ತಲೂ ಪಟ್ಟಿ. 60 ಎತ್ತರವೇ ಬೇಕು ಅಂದರೆ 12 ಎಂಎಂಗಿಂತ ಕಡಿಮೆ ಯೋಚಿಸಲೇಬೇಡಿ. 45 ಎತ್ತರದಲ್ಲೂ ನಿಮಗೆ 190 ಲೀಟರ್ ಆಸುಪಾಸು ಸಿಗುತ್ತದೆ, ಮೀನಿಗೆ ಬೇಕಾಗಿರುವುದು ಈಜುವ ಅಗಲ, ಆಳ ಅಲ್ಲ.

ಮೇಲಿನ ಪಟ್ಟಿ ಬಗ್ಗೆ ಒಂದು ವಿಷಯ. ನಾಲ್ಕೈದು ಪಟ್ಟಿ ಕತ್ತರಿಸಿ ಅಂಟಿಸಬೇಡಿ. ತಳದ ಅಳತೆಯ ಇನ್ನೊಂದು ಪೂರ್ತಿ ಶೀಟನ್ನೇ ಮುಚ್ಚಳದ ಹಾಗೆ ಅಂಟಿಸಿ, ಅದರ ನಡುವೆ ಮಾತ್ರ ಕೈ ಹೋಗುವಷ್ಟು ಜಾಗ ಕತ್ತರಿಸಿ ತೆಗೆಸಿ. ಸುತ್ತ 6-7 ಸೆಂ.ಮೀ. ಉಳಿಯಲಿ. ಕತ್ತರಿಸಿದ ಜಾಗದ ಮೂಲೆಗಳು ಗುಂಡಗಿರಲಿ, ಒಂದು ಲೋಟದ ಬಾಯಿ ಇಟ್ಟು ಗೆರೆ ಎಳೆದರೂ ಸಾಕು. ಚೂಪಾದ ಒಳಮೂಲೆ ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ಗೋಡೆ ಓರೆ ಇದ್ದರೆ ಇರಲಿ ಬಿಡಿ. ಟ್ಯಾಂಕನ್ನು ಸರಿಯಾದ 90 ಡಿಗ್ರಿಗೇ ಮಾಡಿ, ಗೋಡೆಯಿಂದ 3 ಸೆಂ.ಮೀ. ದೂರ ಇಡಿ. ಪೈಪು, ವೈರು ಹೋಗಲು ಹೇಗೂ ಜಾಗ ಬೇಕು.

---

ಶೀಟ್‌ಕೆಲಸ, ಹುಬ್ಬಳ್ಳಿ

ನಾನು ಹದಿನೆಂಟು ವರ್ಷದಿಂದ ಅಕ್ರಿಲಿಕ್ ಕೆಲಸ ಮಾಡುತ್ತಿದ್ದೇನೆ, ಬೋರ್ಡು, ಶೋಕೇಸು, ನಡುವೆ ಕೆಲವು ಟ್ಯಾಂಕು. ಮೇಲಿನವರು ಬರೆದದ್ದು ಸರಿ ಇದೆ, ನಾನು ಕೈಕೆಲಸದ ಕಡೆ ಹೇಳುತ್ತೇನೆ.

ಶೀಟ್ ಕೊಳ್ಳುವಾಗ ಕಾಸ್ಟ್ ಶೀಟ್, ಅಂದರೆ ಅಚ್ಚಿಗೆ ಎರೆದು ಮಾಡಿದ್ದು, ಅಂತಲೇ ಕೇಳಿರಿ. ಎಕ್ಸ್‌ಟ್ರೂಡೆಡ್ ಶೀಟ್ ರೋಲರ್ ನಡುವೆ ಎಳೆದು ಮಾಡಿದ್ದು, ಒಳಗೆ ಬಿಗಿ ಉಳಿದಿರುತ್ತದೆ, ಅದಕ್ಕೆ ಅಂಟಿನ ದ್ರವ ತಾಗಿದರೆ ಕೂದಲಿನಷ್ಟು ಸಣ್ಣ ಬಿರುಕುಗಳು ಗುಂಪಾಗಿ ಏಳುತ್ತವೆ. ಬೋರ್ಡಿಗೆ ಅದು ನಡೆಯುತ್ತದೆ, ನೀರಿಗೆ ನಡೆಯುವುದಿಲ್ಲ. ಲೇಸರ್ ಕಟಿಂಗ್ ವಿಷಯವೂ ಹಾಗೇ. ಲೇಸರ್ ಅಂಚು ಗಾಜಿನ ಹಾಗೆ ಹೊಳೆಯುತ್ತದೆ, ನೋಡಿದವರು ಇದಕ್ಕಿಂತ ಚಂದ ಅಂಚು ಇಲ್ಲ ಅಂದುಕೊಳ್ಳುತ್ತಾರೆ. ಆದರೆ ಅದು ಸುಟ್ಟು ಕರಗಿ ಆರಿದ ಅಂಚು, ಬಿಗಿ ತುಂಬಿಕೊಂಡಿರುತ್ತದೆ. ಬೆಂಕಿ ಹಿಡಿದು ಪಾಲಿಶ್ ಮಾಡಿದ ಅಂಚೂ ಅಂಥದ್ದೇ. ಅಂಟಿಸುವ ಅಂಚಿಗೆ ಎರಡೂ ಬೇಡ. ರೌಟರ್‌ನಲ್ಲಿ, ಅಂದರೆ ತಿರುಗುವ ಬ್ಲೇಡಿನ ಯಂತ್ರದಲ್ಲಿ, ಕಟ್ ಮಾಡಿಸಿ. ನಿಮಗೆ ಮರಗೆಲಸ ಬರುತ್ತದೆ ಅಂದಿರಿ, ನೇರ ಪಟ್ಟಿ ಕಟ್ಟಿಕೊಂಡು ರೌಟರ್ ಓಡಿಸುವುದು ನಿಮಗೆ ಗೊತ್ತೇ ಇರುತ್ತದೆ. ಆಮೇಲೆ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ಶೀಟನ್ನು ನೆಟ್ಟಗೆ ನಿಲ್ಲಿಸಿ ಉದ್ದಕ್ಕೆ ಉಜ್ಜಿ ಅಂಚು ಚಪ್ಪಟೆ ಮಾಡಿಕೊಳ್ಳಿ. ಅಂಚು ಹೊಳೆಯಬೇಕಾಗಿಲ್ಲ, ಮಂಜು ಕವಿದ ಹಾಗಿದ್ದರೂ ಪರವಾಗಿಲ್ಲ. ಗುಂಡಗಾಗಬಾರದು, ಅಷ್ಟೇ.

ಈಗ ಅಂಟು. ಇದನ್ನು ಅಂಟು ಅನ್ನುವುದೇ ತಪ್ಪು ಅಂತ ನಾನು ಹುಡುಗರಿಗೆ ಹೇಳುತ್ತಿರುತ್ತೇನೆ. ಅಕ್ರಿಲಿಕ್ ಅಂಗಡಿಯಲ್ಲಿ ಕೊಡುವ ನೀರಿನಂಥ ದ್ರವ ಹೆಚ್ಚಾಗಿ ಕ್ಲೋರೋಫಾರ್ಮ್ ಇಲ್ಲವೇ ಡೈಕ್ಲೋರೋಮೀಥೇನ್ ಆಗಿರುತ್ತದೆ. ಅದು ಎರಡೂ ಶೀಟಿನ ಅಂಚನ್ನು ಕರಗಿಸುತ್ತದೆ, ಕರಗಿದ್ದು ಒಂದಕ್ಕೊಂದು ಬೆರೆಯುತ್ತದೆ, ದ್ರವ ಹಾರಿ ಹೋಗುತ್ತದೆ, ಉಳಿಯುವುದು ಒಂದೇ ಅಕ್ರಿಲಿಕ್. ನಡುವೆ ಮೂರನೇ ವಸ್ತು ಇರುವುದಿಲ್ಲ. ಅದಕ್ಕೇ ಅಂಚು ಸರಿಯಾಗಿ ಕೂರದಿದ್ದರೆ ಯಾವ ದ್ರವ ಸುರಿದರೂ ಸಂದು ತುಂಬುವುದಿಲ್ಲ.

ನಾನು ಮಾಡುವ ರೀತಿ ಹೀಗೆ. ಕರೆಂಟ್ ವೈರ್ ಸುಲಿದರೆ ಒಳಗೆ ತಾಮ್ರದ ಸಣ್ಣ ಎಳೆಗಳು ಇರುತ್ತವಲ್ಲ, 0.2 ಇಲ್ಲವೇ 0.3 ಎಂಎಂ, ಅಂಥ ಎಳೆಗಳನ್ನು ಐದೈದು ಸೆಂಟಿಮೀಟರ್‌ಗೆ ಒಂದರಂತೆ ತಳದ ಶೀಟಿನ ಮೇಲೆ ಅಡ್ಡ ಇಡುತ್ತೇನೆ. ಅದರ ಮೇಲೆ ಗೋಡೆಯ ಶೀಟ್ ನಿಲ್ಲಿಸಿ ಮೂಲೆಮಟ್ಟಕ್ಕೆ ಕ್ಲಾಂಪ್ ಮಾಡುತ್ತೇನೆ. ಈಗ ಎರಡರ ನಡುವೆ ಒಂದು ಎಳೆಯಷ್ಟು ಸಂದು ಇದೆ. ತೆಳು ಸೂಜಿಯ ಸಿರಿಂಜ್‌ನಲ್ಲಿ ದ್ರವ ತುಂಬಿ ಸಂದಿನ ಉದ್ದಕ್ಕೂ ನಿಲ್ಲಿಸದೆ ಎಳೆದುಕೊಂಡು ಹೋಗಬೇಕು. ದ್ರವ ತಾನೇ ಒಳಗೆ ಓಡುತ್ತದೆ, ಪಕ್ಕದಿಂದ ನೋಡಿದರೆ ಬೆಳ್ಳಗಿದ್ದ ಗೆರೆ ಒದ್ದೆಯಾಗಿ ಮಾಯವಾಗುತ್ತಾ ಹೋಗುವುದು ಕಾಣುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಎಳೆಗಳನ್ನು ಒಂದೊಂದೇ ಮೆಲ್ಲಗೆ ಎಳೆಯಬೇಕು, ಆಗ ಶೀಟ್ ತನ್ನ ಭಾರಕ್ಕೇ ಕೆಳಗೆ ಕೂತು ಮೆತ್ತಗಾದ ಅಂಚನ್ನು ಒತ್ತುತ್ತದೆ, ಎರಡೂ ಪಕ್ಕ ಸಣ್ಣ ಮಣಿ ಸಾಲಿನ ಹಾಗೆ ಹೊರಗೆ ಬರುತ್ತದೆ. ಆ ಸಾಲು ಒಡೆಯದೆ ಬಂದರೆ ಕೆಲಸ ಒಳ್ಳೆಯದಾಯಿತು ಅಂತ. ಮೇಲಿನಿಂದ ಜೋರಾಗಿ ಒತ್ತಬೇಡಿ, ಒತ್ತಿದರೆ ಕರಗಿದ್ದೆಲ್ಲ ಹೊರಗೆ ಹೋಗಿ ಒಳಗೆ ಒಣ ಜಾಗ ಉಳಿಯುತ್ತದೆ. ಎಷ್ಟು ಎಳೆ ಇಟ್ಟಿರಿ ಅಂತ ಎಣಿಸಿಕೊಳ್ಳಿ, ಅಷ್ಟೂ ಹೊರಗೆ ಬರಬೇಕು. ತಾಮ್ರ ನೀರಲ್ಲಿ ಉಳಿದರೆ ಸೀಗಡಿ, ಬಸವನಹುಳು ಬದುಕುವುದಿಲ್ಲ.

75 ಸೆಂ.ಮೀ. ಜೋಡಣೆಯನ್ನು ಒಬ್ಬರೇ ಮಾಡಲು ಹೋಗಬೇಡಿ. ಒಬ್ಬರು ದ್ರವ ಬಿಡಲಿ, ಇನ್ನೊಬ್ಬರು ಹಿಂದೆಯೇ ಎಳೆ ತೆಗೆಯುತ್ತಾ ಬರಲಿ.

ಇನ್ನೊಂದು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೋಣೆ ಒಳಗೆ ಬಾಗಿಲು ಹಾಕಿಕೊಂಡು ಮಾಡಬೇಡಿ. ಧೂಳಿಗೆ ಹಾಕುವ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಪಡಸಾಲೆಯಲ್ಲೋ ತಾರಸಿ ಮೇಲೆ ನೆರಳಿನಲ್ಲೋ ಗಾಳಿ ಆಡುವ ಕಡೆ ಮಾಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರಲಿ. ಹತ್ತಿರ ಒಲೆ, ದೀಪ, ಬೀಡಿ ಸಿಗರೇಟು ಏನೂ ಬೇಡ, ಕ್ಲೋರೋಫಾರ್ಮ್ ಆವಿ ಬೆಂಕಿಗೆ ತಾಗಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಮಕ್ಕಳನ್ನು ಆ ದಿನ ಬೇರೆ ಕಡೆ ಕಳಿಸಿ.

---

ಕಡಲಕರೆ, ಮಂಗಳೂರು

ಹುಬ್ಬಳ್ಳಿಯ ಅಣ್ಣ ಹೇಳದೆ ಬಿಟ್ಟ ಒಂದು ವಿಷಯ ನಾನು ಹೇಳಬೇಕು, ಅವರ ಊರಿನ ಹವೆಯಲ್ಲಿ ಅದು ಅಷ್ಟಾಗಿ ಬರುವುದಿಲ್ಲ ಅನ್ನಿಸುತ್ತದೆ. ನಾನು ನನ್ನ ಮೊದಲ ಟ್ಯಾಂಕ್ ಮಾಡಿದ್ದು ಜುಲೈ ತಿಂಗಳಲ್ಲಿ. ಹೊರಗೆ ಧೋ ಅಂತ ಮಳೆ, ಒಳಗೆ ಗೋಡೆಯೆಲ್ಲ ಬೆವರುತ್ತಿತ್ತು. ದ್ರವ ಬಿಟ್ಟ ಎರಡೇ ನಿಮಿಷಕ್ಕೆ ಜೋಡಣೆ ಉದ್ದಕ್ಕೂ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಆ ದ್ರವ ಬೇಗ ಆರುವಾಗ ಜಾಗ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅಲ್ಲಿಗೇ ಬಂದು ಕೂರುತ್ತದೆ, ಅದು ಒಳಗೇ ಸಿಕ್ಕಿಕೊಂಡರೆ ಜೋಡಣೆಗೆ ಬಲ ಇರುವುದಿಲ್ಲ. ನನಗೆ ಅದು ಆಗ ಗೊತ್ತಿರಲಿಲ್ಲ. ನೋಡಲು ಚೆನ್ನಾಗಿಲ್ಲ ಅಷ್ಟೇ ಅಂದುಕೊಂಡು ನೀರು ತುಂಬಿಸಿದೆ.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಿಂಬದಿಯ ಕೆಳಗಿನ ಅಂಚಿನಲ್ಲಿ ಬೆರಳು ಇಟ್ಟರೆ ಒದ್ದೆ. ಹನಿ ಬೀಳುತ್ತಿರಲಿಲ್ಲ, ಬರೀ ಒದ್ದೆ, ಒರೆಸಿದರೆ ಅರ್ಧ ಗಂಟೆಗೆ ಮತ್ತೆ ಒದ್ದೆ. ಅದೇ ದಿನ ಎಲ್ಲ ಮೀನನ್ನೂ ಬಕೆಟ್ಟಿಗೆ ಹಾಕಿ ಟ್ಯಾಂಕ್ ಖಾಲಿ ಮಾಡಿದೆ. ಹಾಗಾಗಿ ಮೀನು ಉಳಿದವು. ಮಳೆಗಾಲದಲ್ಲಿ ಈ ಕೆಲಸ ಮಾಡಬೇಡಿ. ಡಿಸೆಂಬರಿನಿಂದ ಮಾರ್ಚ್ ಒಳಗೆ, ಬಿಸಿಲು ಬಿದ್ದು ಗಾಳಿ ಒಣಗಿದ ಮೇಲೆ, ಹತ್ತು ಗಂಟೆ ನಂತರ ಮಾಡಿ.

ಆಮೇಲೆ ಒರೆಸುವ ವಿಷಯ. ಜೋಡಣೆ ಪಕ್ಕ ಕೈಗುರುತು ಇತ್ತು ಅಂತ ನಾನು ಸ್ಪಿರಿಟ್ ಹಾಕಿ ಒರೆಸಿದೆ. ಮರುದಿನ ಬೆಳಕಿಗೆ ಹಿಡಿದು ನೋಡಿದರೆ ಅಂಚಿನ ಉದ್ದಕ್ಕೂ ಜೇಡರ ಬಲೆಯಂಥ ಸಣ್ಣ ಬಿರುಕು. ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ಅಮೋನಿಯಾ ಇರುವ ಸ್ಪ್ರೇ, ಇವು ಯಾವುದನ್ನೂ ಅಕ್ರಿಲಿಕ್ ಹತ್ತಿರ ತರಬೇಡಿ. ನೀರು, ಮೆತ್ತನೆಯ ಹತ್ತಿ ಬಟ್ಟೆ, ತೀರಾ ಜಿಡ್ಡಿದ್ದರೆ ಒಂದು ಹನಿ ಸೋಪು, ಇಷ್ಟೇ ಸಾಕು.

---

ಗಾಜುಪ್ರಿಯ, ದಾವಣಗೆರೆ

ಎಲ್ಲರೂ ಅಕ್ರಿಲಿಕ್ ಹೇಗೆ ಮಾಡುವುದು ಅಂತ ಹೇಳುತ್ತಿದ್ದೀರಿ, ಗಾಜು ಯಾಕೆ ಬೇಡ ಅಂತ ಯಾರೂ ಕೇಳಲಿಲ್ಲ. ಐದು ಬದಿಯ ಟ್ಯಾಂಕ್ ಗಾಜಿನಲ್ಲೂ ಆಗುತ್ತದೆ, ಓರೆ ಮೂಲೆಗಳಲ್ಲಿ ಸಿಲಿಕೋನ್ ಚೆನ್ನಾಗಿ ತುಂಬಿದರೆ ಸಾಕು. ದುಡ್ಡೂ ಕಡಿಮೆ ಬೀಳುತ್ತದೆ, ಸುಲಭಕ್ಕೆ ಗೀರು ಬೀಳುವುದಿಲ್ಲ, ಪಾಚಿ ಬಂದರೆ ಬ್ಲೇಡ್ ಹಾಕಿ ಕೆರೆಯಬಹುದು. ಅಕ್ರಿಲಿಕ್‌ನಲ್ಲಿ ಒಂದು ಮರಳಿನ ಕಣ ಸ್ಪಂಜಿಗೆ ಸಿಕ್ಕಿದರೂ ಉದ್ದಕ್ಕೆ ಗೆರೆ ಎಳೆದುಬಿಡುತ್ತದೆ. ನನ್ನ ಗಾಜಿನ ಟ್ಯಾಂಕ್ 11 ವರ್ಷದಿಂದ ಇದೆ, ಇವತ್ತಿಗೂ ಹೊಸದರ ಹಾಗೇ ಇದೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಗಾಜೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

---

ಮೆಟ್ಟಿಲಮೂಲೆ, ಮೈಸೂರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಎರಡು ಸಲ ಓದಿದೆ. ಎತ್ತರ 45ಕ್ಕೆ ಇಳಿಸಿದೆ, 10 ಎಂಎಂ ಕಾಸ್ಟ್ ಶೀಟ್ ಹಾಕುತ್ತೇನೆ. ಈಗ ನವೆಂಬರ್, ಇನ್ನೊಂದು ತಿಂಗಳು ಕಾದು ಚಳಿ ಬಿಸಿಲಿನಲ್ಲೇ ಮಾಡುತ್ತೇನೆ.

ಗಾಜಿನ ಬಗ್ಗೆ ಹೇಳಿದ ದಾವಣಗೆರೆಯ ಸರ್ ಮಾತು ನನಗೆ ಒಪ್ಪಿಗೆ, ಅದನ್ನೂ ಯೋಚಿಸಿದ್ದೆ. ಆದರೆ ಅದು ಮೆಟ್ಟಿಲ ಕೆಳಗಿನ ಜಾಗ. ಮಗಳೂ ಅವಳ ಸ್ನೇಹಿತೆಯರೂ ಅಲ್ಲಿಂದಲೇ ಓಡಿ ಇಳಿಯುತ್ತಾರೆ, ಕೈಯಲ್ಲಿ ಬ್ಯಾಟು, ಚೆಂಡು, ಸೈಕಲ್ ಪಂಪು ಏನಾದರೂ ಇದ್ದೇ ಇರುತ್ತದೆ. ಗಾಜಿನ ಚೂರಿನ ಯೋಚನೆ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಗೀರು ಬಿದ್ದರೆ ಉಜ್ಜಿ ತೆಗೆಯಬಹುದು ಅಂತ ಕೇಳಿದ್ದೇನೆ.

ಈಗ ಉಳಿದಿರುವ ತೊಂದರೆ ಮುಂದಿನ ಎರಡು ಓರೆ ಮೂಲೆ. ಲೆಕ್ಕ ಹಾಕಿದರೆ ಅಲ್ಲಿ ಒಳಗಿನ ಕೋನ 135 ಡಿಗ್ರಿ, ಅಂದರೆ ಎರಡೂ ಅಂಚನ್ನು 22.5 ಡಿಗ್ರಿ ಓರೆಗೆ ಕತ್ತರಿಸಬೇಕು. ಮರದಲ್ಲಾದರೆ ಮಾಡುತ್ತೇನೆ, ಇದರಲ್ಲಿ ಕೂದಲೆಳೆ ತಪ್ಪಿದರೂ ಸಂದು ಬೀಳುತ್ತದಲ್ವಾ? ಮುಂಭಾಗ ಬಾಗಿಸುವ ಆಸೆಯನ್ನು ಬಿಟ್ಟುಬಿಡಲಾ?

ನಮ್ಮ ಮನೆಯವರಿಗೆ ಬೇರೆ ಹೆದರಿಕೆ ಇದೆ. ಬರ್ಲಿನ್‌ನಲ್ಲಿ ದೊಡ್ಡ ಅಕ್ವೇರಿಯಂ ಒಡೆದ ವೀಡಿಯೊ ನೋಡಿದ್ದಾರೆ, ಅದೂ ಅಕ್ರಿಲಿಕ್ ಅಲ್ವಾ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

---

ಶೀಟ್‌ಕೆಲಸ, ಹುಬ್ಬಳ್ಳಿ

ಓರೆ ಅಂಚು ಕತ್ತರಿಸಲೇಬೇಡಿ. ಮುಂಭಾಗ ಮತ್ತು ಎರಡು ಚಿಕ್ಕ ಬದಿ, ಈ ಮೂರನ್ನೂ ಒಂದೇ ಶೀಟಿನಲ್ಲಿ ಮಾಡಿ. 30, 64, 30, ಒಟ್ಟು 124 ಸೆಂ.ಮೀ. ಉದ್ದದ ಒಂದು ತುಂಡು, ಎರಡು ಕಡೆ 45 ಡಿಗ್ರಿ ಮಡಿಕೆ, ಅಷ್ಟೇ. ಎರಡು ಜೋಡಣೆ ಇಲ್ಲವೇ ಇಲ್ಲ ಅಂದ ಮೇಲೆ ಅಲ್ಲಿ ಸೋರುವ ಮಾತೂ ಇಲ್ಲ. ನೋಡಲೂ ಚಂದ, ಎದುರಿಗೆ ಒಂದೂ ಗೆರೆ ಇಲ್ಲದೆ ಗುಂಡನೆಯ ಮೂಲೆ ಸಿಗುತ್ತದೆ, ಮೊಣಕಾಲಿಗೆ ತಾಗಿದರೂ ನೋವಾಗುವುದಿಲ್ಲ. ಉಳಿಯುವ ಮೂರು ಜೋಡಣೆಯೂ 90 ಡಿಗ್ರಿಯವು, ಹಿಂದೆ ಗೋಡೆ ಕಡೆ ಇರುತ್ತವೆ.

ಮಡಿಸುವ ಕೆಲಸ ಮನೆಯಲ್ಲಿ ಬೇಡ, ಸ್ಟ್ರಿಪ್ ಹೀಟರ್ (ಒಂದು ಗೆರೆಯ ಉದ್ದಕ್ಕೆ ಮಾತ್ರ ಕಾಯಿಸುವ ಯಂತ್ರ) ಇರುವ ಅಂಗಡಿಗೆ ಒಯ್ಯಿರಿ. ಅಕ್ರಿಲಿಕ್ ಚೆನ್ನಾಗಿ ಮೆತ್ತಗಾಗಲು 150-160 ಡಿಗ್ರಿ ಬೇಕು. 10 ಎಂಎಂ ಶೀಟನ್ನು ಎರಡೂ ಕಡೆಯಿಂದ ಕಾಯಿಸಬೇಕು, ಮೇಲೆ ಮಾತ್ರ ಕಾಯಿಸಿ ಮಡಿಸಿದರೆ ಒಳಗೆ ಬಿಗಿ ಉಳಿಯುತ್ತದೆ. ಹೀಟ್ ಗನ್ ಹಿಡಿದರೆ ಒಂದು ಕಡೆ ಗುಳ್ಳೆ ಏಳುತ್ತದೆ, ಪಕ್ಕದಲ್ಲಿ ಇನ್ನೂ ಕಲ್ಲಿನ ಹಾಗಿರುತ್ತದೆ. ಅಂಗಡಿಯವರಿಗೆ ಮೂರು ಮಾತು ಹೇಳಿ. ಮಡಿಕೆ ಚೂಪಾಗಿರಬಾರದು, ಒಳಗಿನ ತ್ರಿಜ್ಯ ಕನಿಷ್ಠ 20 ಎಂಎಂ ಇರಲಿ. ಪ್ಲೈವುಡ್‌ನಲ್ಲಿ 135 ಡಿಗ್ರಿಯ ಅಚ್ಚು ನೀವೇ ಮಾಡಿ ಒಯ್ಯಿರಿ, ಅದರ ಮೇಲೇ ಆರಲಿ. ಆರುವಾಗ ಫ್ಯಾನ್ ಹಾಕಬಾರದು, ಒದ್ದೆ ಬಟ್ಟೆ ಹಾಕಬಾರದು, ಕಂಬಳಿ ಹೊದಿಸಿ ಮೆಲ್ಲಗೆ ಆರಲು ಬಿಡಬೇಕು.

ಮಡಿಸಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಮಡಿಕೆ ಇರುವ ಕಡೆ ಕೆಳಗಿನ ಮತ್ತು ಮೇಲಿನ ಅಂಚು ಸ್ವಲ್ಪ ಉಬ್ಬಿರುತ್ತದೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಅದನ್ನು ಹಾಗೇ ತಳದ ಮೇಲೆ ಇಟ್ಟರೆ ಮಡಿಕೆ ಮಾತ್ರ ತಾಗಿ ಉಳಿದ ಕಡೆ ಸಂದು ಬೀಳುತ್ತದೆ. ಗಾಜಿನ ಮೇಲೆ ಎಮರಿ ಪೇಪರ್ ಹಾಕಿ ಇಡೀ ತುಂಡನ್ನು ನಿಲ್ಲಿಸಿ ಉಜ್ಜಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಬೆಳಕು ಎಲ್ಲೂ ನುಸುಳಬಾರದು. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಪೂರ್ತಿ ಬಿಲ್ಲಿನ ಹಾಗೆ ಬಾಗಿದ ಮುಂಭಾಗ ಬೇಕು ಅಂದರೆ ಇಡೀ ಶೀಟ್ ಹಿಡಿಯುವ ಓವನ್ ಬೇಕು. ಕಾಯಿಸದೆ ಬಗ್ಗಿಸಿ ಅಂಟಿಸುತ್ತೇನೆ ಅನ್ನಬೇಡಿ, ಹಾಗೆ ಬಗ್ಗಿಸಲು ತ್ರಿಜ್ಯ ದಪ್ಪದ 200 ಪಟ್ಟಾದರೂ ಇರಬೇಕು, ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು. 10 ಎಂಎಂಗೆ ಅದು 2 ಮೀಟರ್ ಆಯಿತು, ನಿಮ್ಮ 64 ಸೆಂ.ಮೀ.ನಲ್ಲಿ ನಡುವೆ ಎರಡೂವರೆ ಸೆಂ.ಮೀ.ನಷ್ಟು ಮಾತ್ರ ಬಾಗುತ್ತದೆ.

ಮೊದಲು 20 ಸೆಂ.ಮೀ.ನ ಒಂದು ಚಿಕ್ಕ ಡಬ್ಬ ಮಾಡಿ. ಅದರಲ್ಲಿ ಕೈ ಕೂತ ಮೇಲೆ ದೊಡ್ಡದಕ್ಕೆ ಹೋಗಿ.

---

ತೊಟ್ಟಿಮನೆ, ಬೆಂಗಳೂರು

ಬರ್ಲಿನ್ ವಿಷಯ ನಾನು ಹೇಳುತ್ತೇನೆ, ಅದರ ಬಗ್ಗೆ ಆಗ ತುಂಬ ಓದಿದ್ದೆ. ಆಕ್ವಾಡೋಮ್ ಅಂತ ಅದರ ಹೆಸರು, ಹೋಟೆಲ್ ಒಳಗೆ ನಿಲ್ಲಿಸಿದ್ದ ಅಕ್ರಿಲಿಕ್ ಕೊಳವೆ, 10 ಲಕ್ಷ ಲೀಟರ್ ನೀರು, 1500ರಷ್ಟು ಮೀನು. 2022ರ ಡಿಸೆಂಬರ್ 16ರ ಬೆಳಗಿನ ಜಾವ ಒಡೆಯಿತು. ತನಿಖೆ ಮಾಡಿದವರಿಗೂ ಇದೇ ಕಾರಣ ಅಂತ ಒಂದನ್ನು ಖಚಿತವಾಗಿ ಹೇಳಲು ಆಗಲಿಲ್ಲ. ಅವರು ಮುಂದಿಟ್ಟ ಸಾಧ್ಯತೆಗಳಲ್ಲಿ ಜೋಡಣೆ ಬಿಟ್ಟಿರಬಹುದು ಅನ್ನುವುದು ಒಂದು, ರಿಪೇರಿಗೆ ಅಂತ ಖಾಲಿ ಮಾಡಿದಾಗ ಅಕ್ರಿಲಿಕ್ ಒಣಗಿದ್ದು ಇನ್ನೊಂದು. ಮನೆಯವರಿಗೆ ಹೇಳಿ, ಅಲ್ಲಿ ನೀರು ಹತ್ತು ಮೀಟರಿಗೂ ಎತ್ತರ ನಿಂತಿತ್ತು, ನಿಮ್ಮಲ್ಲಿ 45 ಸೆಂಟಿಮೀಟರ್. ಹಾಗಂತ ಆ ಎರಡು ಸಾಧ್ಯತೆ ನಮಗೆ ಸಂಬಂಧ ಇಲ್ಲದ್ದಲ್ಲ. ಜೋಡಣೆ ಚೆನ್ನಾಗಿರಬೇಕು, ತುಂಬಿದ ಟ್ಯಾಂಕನ್ನು ಖಾಲಿ ಮಾಡಿ ಬಿಸಿಲಿನಲ್ಲಿ ಒಣಗಲು ಬಿಡಬಾರದು. ಅಕ್ರಿಲಿಕ್ ಸ್ವಲ್ಪ ನೀರು ಕುಡಿಯುತ್ತದೆ, ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಒಂದೇ ಕಡೆ ಬೇಗ ಒಣಗಿದರೆ ಎಳೆತ ಬೀಳುತ್ತದೆ.

ಸ್ಟ್ಯಾಂಡ್ ಬಗ್ಗೆ ಯಾರೂ ಹೇಳಲಿಲ್ಲ. ನೀವೇ ಮರದಲ್ಲಿ ಮಾಡುತ್ತೀರಿ ಅಂದುಕೊಂಡಿದ್ದೇನೆ. ಬರೀ ಚೌಕಟ್ಟು ಸಾಲದು, ಟ್ಯಾಂಕಿನ ತಳ ಪೂರ್ತಿ ಪ್ಲೈವುಡ್ ಮೇಲೆ ಕೂರಬೇಕು, ನಡುವೆ ಒಂದು ಪದರ ಥರ್ಮಾಕೋಲ್. ನೀರು, ಕಲ್ಲು, ಟ್ಯಾಂಕು, ಸ್ಟ್ಯಾಂಡು ಎಲ್ಲ ಸೇರಿ 280 ಕೆ.ಜಿ. ಹತ್ತಿರ ಬರುತ್ತದೆ. ನೆಲಮಹಡಿ ಆದ್ದರಿಂದ ಯೋಚನೆ ಇಲ್ಲ. ಮೇಲಿನ ಮಹಡಿಯಲ್ಲಿ ಇಡಬೇಕು ಅನ್ನುವವರು ಎಂಜಿನಿಯರ್ ಒಬ್ಬರನ್ನು ಕೇಳಿ ಇಡಿ.

ಗೀರು ತೆಗೆಯಬಹುದು, ನಿಜ. 800, 1000, 1500, 2000 ಅಂತ ಒಂದಾದ ಮೇಲೊಂದು ವಾಟರ್ ಪೇಪರ್ ಹಾಕಿ ಒದ್ದೆ ಮಾಡಿ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಾಕಿದರೆ ಮತ್ತೆ ಹೊಳೆಯುತ್ತದೆ. ತುಂಬ ತಾಳ್ಮೆಯ ಕೆಲಸ ಅದು.

---

ಮೆಟ್ಟಿಲಮೂಲೆ, ಮೈಸೂರು

ಫೆಬ್ರವರಿ ಬಂತು, ಏನಾಯಿತು ಅಂತ ಹೇಳಲು ಬಂದಿದ್ದೇನೆ.

ಚಿಕ್ಕ ಡಬ್ಬ ಒಂದಲ್ಲ, ಮೂರು ಮಾಡಿದೆ. ಮೊದಲನೆಯದರಲ್ಲಿ ಎಳೆ ಬೇಗ ಎಳೆದುಬಿಟ್ಟೆ, ಅಂಚು ಇನ್ನೂ ಮೆತ್ತಗಾಗಿರಲಿಲ್ಲ, ಕೈಯಲ್ಲಿ ತಿರುಚಿದರೆ ಟಕ್ ಅಂತ ಬಿಟ್ಟುಕೊಂಡಿತು. ಎರಡನೆಯದರಲ್ಲಿ ತಡ ಆಯಿತು, ಎಳೆಗಳು ಒಳಗೇ ಸಿಕ್ಕಿಕೊಂಡವು. ಮೂರನೆಯದರಲ್ಲಿ 40 ಎಣಿಸಿ ಎಳೆದೆ. ನಮ್ಮ ಹವೆಗೆ, ಆ ಬಾಟಲಿಗೆ, 40 ಸೆಕೆಂಡು ಸರಿ ಅಂತ ಗೊತ್ತಾಯಿತು. ಆ ಡಬ್ಬವನ್ನು ಒಂದು ವಾರ ಬಿಟ್ಟು ಸುತ್ತಿಗೆಯಿಂದ ಹೊಡೆದು ನೋಡಿದೆ, ಶೀಟ್ ಮುರಿಯಿತು, ಜೋಡಣೆ ಬಿಡಲಿಲ್ಲ. ಆಗ ಧೈರ್ಯ ಬಂತು.

ಮುಂಭಾಗದ ಮಡಿಕೆ ಎರಡನೇ ಪ್ರಯತ್ನದಲ್ಲಿ ಸರಿಯಾಯಿತು. ಮೊದಲ ಸಲ ಅಂಗಡಿಯವರು ಆತುರದಲ್ಲಿ ಜಾಸ್ತಿ ಕಾಯಿಸಿ ಮಡಿಕೆಯೊಳಗೆ ಸಾಸಿವೆಯಂಥ ಗುಳ್ಳೆಗಳು ಬಂದವು, ಆ ತುಂಡು ಹೋಯಿತು. ಅಂಚು ಉಬ್ಬುತ್ತದೆ ಅಂತ ನೀವು ಹೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಉಜ್ಜಿದ್ದು ಅರ್ಧ ದಿನ ಅಲ್ಲ, ಒಂದೂವರೆ ದಿನ. ನನ್ನ ಭಾವಮೈದ ಬಂದು ಎಳೆ ತೆಗೆದ, ನಾನು ಸಿರಿಂಜ್ ಹಿಡಿದೆ, ತಾರಸಿಯ ನೀರಿನ ಟ್ಯಾಂಕ್ ನೆರಳಿನಲ್ಲಿ.

ಎರಡು ವಾರ ಒಣಗಲು ಬಿಟ್ಟು ನೀರು ತುಂಬಿಸಿದೆ. ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ನಾಲ್ಕನೇ ದಿನ ಪೂರ್ತಿ. ಸುತ್ತ ಕೆಳಗೆ ಪೇಪರ್ ಹಾಸಿ ಬೆಳಿಗ್ಗೆ ಸಂಜೆ ಕೈಯಾಡಿಸಿ ನೋಡುತ್ತಿದ್ದೆ. ಮುಂಭಾಗಕ್ಕೆ ಅಡ್ಡಲಾಗಿ ದಾರ ಬಿಗಿದು ಅಳೆದರೆ ತುಂಬಿದ ದಿನ ಒಂದೂವರೆ ಎಂಎಂ ಉಬ್ಬಿತ್ತು, ವಾರದ ನಂತರ 2 ಎಂಎಂ. ಈಗ ಹತ್ತು ದಿನದಿಂದ ಅಷ್ಟೇ ಇದೆ. ಪೇಪರ್ ಒಣಗೇ ಇದೆ.

ಮಗಳಿಗೆ ಮಿಸ್ ಕೇರಳ ಮೀನು ಬೇಕಂತೆ, ಕೆಂಪು ಪಟ್ಟೆ ಇರುವುದು. ಇದರಲ್ಲಿ ಬಿಡಬಹುದಾ?

ಇನ್ನೊಂದು ಪ್ರಶ್ನೆ. ಹಿಂದಿನ ಎಡ ಮೂಲೆಯಲ್ಲಿ ತಳದ ಜೋಡಣೆಯೊಳಗೆ ಎಳ್ಳಿನಷ್ಟು ದೊಡ್ಡ ಒಂದು ಬೆಳ್ಳಿ ಗುಳ್ಳೆ ಉಳಿದಿದೆ. ಸೋರುತ್ತಿಲ್ಲ. ದಿನಾ ಅದನ್ನೇ ನೋಡುತ್ತಿದ್ದೇನೆ. ಏನಾದರೂ ಮಾಡಬೇಕಾ?

---

ತೊಟ್ಟಿಮನೆ, ಬೆಂಗಳೂರು

ತುಂಬ ಖುಷಿಯಾಯಿತು ಸರ್! ಮಿಸ್ ಕೇರಳ ಮಾತ್ರ ಬೇಡ. ಅದು ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಹರಿಯುವ ನೀರಲ್ಲಿ ಗುಂಪಾಗಿ ಓಡಾಡುವಂಥದ್ದು, ಅರ್ಧ ಅಡಿಯಷ್ಟು ಬೆಳೆಯುತ್ತದೆ. ನಾಲ್ಕಡಿಗಿಂತ ಕಡಿಮೆ ಉದ್ದದ ಟ್ಯಾಂಕಿನಲ್ಲಿ ಅದಕ್ಕೆ ಹಿಂಸೆ. ಹೊಳೆಯಿಂದ ಹಿಡಿದು ಹಿಡಿದು ಅಳಿವಿನ ಅಂಚಿಗೂ ಬಂದಿದೆ. ಹತ್ತು ಜೀಬ್ರಾ ಡೇನಿಯೋ, ಆರು ರೋಸಿ ಬಾರ್ಬ್ ಬಿಡಿ. ನೀರನ್ನು ಮೊದಲು ನಾಲ್ಕೈದು ವಾರ ಫಿಲ್ಟರ್ ಓಡಿಸಿ ಹದ ಮಾಡಿಕೊಳ್ಳಿ, ಮಗಳಿಗೆ ಅಲ್ಲಿಯವರೆಗೆ ಗಿಡ ನೆಡುವ ಕೆಲಸ ಕೊಡಿ.

---

ಶೀಟ್‌ಕೆಲಸ, ಹುಬ್ಬಳ್ಳಿ

ಗುಳ್ಳೆ ಸುತ್ತ ಎಲ್ಲ ಕಡೆ ಜೋಡಣೆ ತಿಳಿಯಾಗಿದೆಯಾ ನೋಡಿ. ತಿಳಿಯಾಗಿದ್ದರೆ ಅದು ಒಳಗೇ ಮುಚ್ಚಿಹೋದ ಗಾಳಿ, ಬಿಟ್ಟುಬಿಡಿ. ಗುಳ್ಳೆಯಿಂದ ಒಂದು ಬೆಳ್ಳಿ ಗೆರೆ ಹೊರಟು ಒಳಗಿನಿಂದ ಹೊರಗಿನವರೆಗೆ ಮುಟ್ಟಿದ್ದರೆ ಮಾತ್ರ ತೊಂದರೆ. ಟಾರ್ಚನ್ನು ಪಕ್ಕದಿಂದ ಓರೆಗೆ ಹಿಡಿದರೆ ಗೆರೆ ಇದ್ದರೆ ಮಿನುಗುತ್ತದೆ. ಇಲ್ಲ ಅಂದರೆ ಆ ಜಾಗಕ್ಕೆ ಹೊರಗಿನಿಂದ ಒಂದು ಚಿಕ್ಕ ಟೇಪ್ ತುಂಡು ಅಂಟಿಸಿ ಗುರುತು ಮಾಡಿಕೊಳ್ಳಿ, ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಬೆಳೆದಿರಬಾರದು. ಅದರ ಮೇಲೆ ಮತ್ತೆ ದ್ರವ ಬಿಡಲು ಮಾತ್ರ ಹೋಗಬೇಡಿ.